ಖಾಲಿ ರೇಡಿನಲ್ಲಿ ಕಾಣುವ ಹುಡುಗ

“ಸರ್, ನಮ್ಮ ಹುಡುಗ ಒಂದೇ ಮ್ಯಾಚಿನಾಗ ಹದಿನೆಂಟು ಪಾಯಿಂಟ್ ತಂದಾನ್ರಿ. ಪ್ರೊ ಕಬಡ್ಡಿಗೆ ಆಗ್ತಾನೇನ್ರಿ?”

ಜಾತ್ರೆಯ ಟೂರ್ನಮೆಂಟುಗಳು ಶುರುವಾದವೆಂದರೆ ರಾವೂರ, ವಾಡಿ, ಶಹಾಬಾದ, ಚಿತ್ತಾಪುರದ ಕಡೆಯಿಂದ ನನಗೆ ಇಂಥ ಫೋನು ಬರುತ್ತಲೇ ಇರುತ್ತವೆ. ನಾನು ಈ ಭಾಗದ ಪದವಿ ಕಾಲೇಜೊಂದರಲ್ಲಿ ದೈಹಿಕ ಶಿಕ್ಷಣ ಬೋಧಕ. ಗುಲಬರ್ಗಾ ವಿಶ್ವವಿದ್ಯಾಲಯದ ಅಂತರ ಕಾಲೇಜು ಕಬಡ್ಡಿಗೆ ತಂಡ ಕಟ್ಟಿಕೊಂಡು ಹೋಗುವವನು. ಮೊದಲೆಲ್ಲ ‘ಯೂನಿವರ್ಸಿಟಿ ಟೀಮಿಗೆ ಆಗ್ತಾನಾ’ ಎಂದು ಕೇಳುತ್ತಿದ್ದರು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಟೀವಿಗೆ ಬಂತು, ಪ್ರಶ್ನೆಯೂ ದೊಡ್ಡದಾಯಿತು. ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಬಿ.ಎ. ಎರಡನೇ ವರ್ಷ. ಅವನು ಇನ್ನು ನಾಲ್ಕು ವರ್ಷಕ್ಕೆ ಆಡಬಹುದಾದ ಆಟದ ಬಗ್ಗೆ ಇವತ್ತೇ ಮಾತು ಕೊಡಬೇಕು. ಹಾಗೆ ಮಾತು ಕೊಡುವ ಮುಂಚೆ ಏನನ್ನು ನೋಡಬೇಕೆಂಬುದನ್ನು ಈ ಕಡೆಯ ಹುಡುಗರೇ ನನಗೆ ಕಲಿಸಿದ್ದಾರೆ.

ಹದಿನೆಂಟು ಪಾಯಿಂಟ್ ಎಂದ ಕೂಡಲೇ ನಾನು ಕೇಳುವುದು ಮೂರು ಮಾತು. ಎದುರಿಗೆ ಯಾವ ಟೀಮಿತ್ತು? ಒಟ್ಟು ಎಷ್ಟು ರೇಡ್ ಮಾಡಿದ? ಅದರಲ್ಲಿ ಎಷ್ಟು ಖಾಲಿ ಬಂದ? ಮೊದಲೆರಡಕ್ಕೆ ಉತ್ತರ ಸಿಗುತ್ತದೆ. ಮೂರನೆಯದರ ಲೆಕ್ಕ ಯಾರೂ ಇಟ್ಟಿರುವುದಿಲ್ಲ. ನನಗೆ ಬೇಕಾದದ್ದು ಅದೇ.

ಪ್ರೊ ಕಬಡ್ಡಿಗೆ ಹೋಗುವ ದಾರಿ ಎರಡು. ಒಂದು ಹರಾಜು. ಇತ್ತೀಚಿನ ಹರಾಜುಗಳಲ್ಲಿ ‘ಎ’ ವರ್ಗದ ಆಟಗಾರನ ಮೂಲ ಬೆಲೆ 30 ಲಕ್ಷ, ‘ಡಿ’ ವರ್ಗದವನದು 9 ಲಕ್ಷ ರೂಪಾಯಿ. ಇನ್ನೊಂದು ‘ನ್ಯೂ ಯಂಗ್ ಪ್ಲೇಯರ್ಸ್’ ಯೋಜನೆ, ಆಟಗಾರರ ಬಾಯಲ್ಲಿ ಎನ್‌ವೈಪಿ. ಇದರಲ್ಲಿ ತಂಡದವರು ಹರಾಜಿಗಿಂತ ಮೊದಲೇ ಹೊಸ ಹುಡುಗರನ್ನು ಟ್ರಯಲ್ಸ್ ಮಾಡಿ ನೇರವಾಗಿ ಸೇರಿಸಿಕೊಳ್ಳುತ್ತಾರೆ. ನಮ್ಮ ಕಾಲೇಜು ಹುಡುಗರಿಗೆ ಸಿಕ್ಕರೆ ಸಿಗುವುದು ಈ ಎರಡನೇ ದಾರಿಯೇ. ಇದೇನು ಸಣ್ಣ ದಾರಿಯಲ್ಲ. ಅಸ್ಲಂ ಇನಾಮದಾರ್, ಮೋಹಿತ್ ಗೋಯತ್ ಇಬ್ಬರೂ ಪುಣೇರಿ ಪಲ್ಟನ್ ತಂಡಕ್ಕೆ ಎಂಟನೇ ಆವೃತ್ತಿಯಲ್ಲಿ ಹೀಗೆ ಬಂದವರು. ಹತ್ತನೇ ಆವೃತ್ತಿಯ ಹೊತ್ತಿಗೆ ಅಸ್ಲಂ ನಾಯಕನಾಗಿದ್ದ. 2024ರ ಮಾರ್ಚ್ 1ರಂದು ಹೈದರಾಬಾದಿನ ಫೈನಲ್‌ನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿ ಪುಣೆ ಕಪ್ ಎತ್ತಿತು. ಆಗ ಆ ತಂಡದ ಕೋಚ್ ಆಗಿದ್ದವರು ನಮ್ಮ ಕನ್ನಡಿಗ ಬಿ.ಸಿ. ರಮೇಶ್. ಅದಕ್ಕೂ ಮುಂಚೆ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೆ ಕಪ್ ಗೆಲ್ಲಿಸಿಕೊಟ್ಟವರೂ ಅವರೇ. ಎಳೆಯ ಹುಡುಗರ ಮೇಲೆ ಅವರಿಟ್ಟ ನಂಬಿಕೆಯನ್ನು ನಾನು ನಮ್ಮ ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತೇನೆ.

ಆದರೆ ನಂಬಿಕೆಗೂ ಕಾಲ ಬೇಕು. ಪ್ರದೀಪ್ ನರ್ವಾಲ್ ಹೆಸರು ಕೇಳದ ಕಬಡ್ಡಿ ಹುಡುಗ ಇಲ್ಲ. 2015ರ ಎರಡನೇ ಆವೃತ್ತಿಯಲ್ಲಿ ಅವನು ನಮ್ಮ ಬೆಂಗಳೂರು ಬುಲ್ಸ್ ತಂಡದಲ್ಲೇ ಇದ್ದ. ಆಗ ಹದಿನೆಂಟರ ಹುಡುಗ, ಅಂಕಣಕ್ಕೆ ಇಳಿಯಲು ಸಿಕ್ಕ ಅವಕಾಶ ಕಡಿಮೆ, ತಂದ ಅಂಕವೂ ಕಡಿಮೆ. ಮರು ಆವೃತ್ತಿಗೆ ಪಟ್ನಾ ಪೈರೇಟ್ಸ್‌ಗೆ ಹೋದ. ಪಟ್ನಾ ಸಾಲಾಗಿ ಮೂರು ಸಲ ಕಪ್ ಗೆದ್ದಿತು. ಐದನೇ ಆವೃತ್ತಿಯೊಂದರಲ್ಲೇ ಅವನು 369 ರೇಡ್ ಪಾಯಿಂಟ್ ತಂದ. ಪವನ್ ಸೆಹ್ರಾವತ್ ಕಥೆ ಇದಕ್ಕೆ ತಿರುಗುಮುರುಗು. ಬೆಂಗಳೂರಿನಲ್ಲಿ ಶುರುಮಾಡಿ, ಗುಜರಾತಿಗೆ ಹೋಗಿ ಅಲ್ಲಿ ಹೆಚ್ಚಿನಂಶ ಬೆಂಚಿನ ಮೇಲೆ ಕೂತು, ಆರನೇ ಆವೃತ್ತಿಗೆ ಮರಳಿ ಬಂದ. 2019ರ ಜನವರಿಯ ಫೈನಲ್‌ನಲ್ಲಿ ಅದೇ ಗುಜರಾತ್ ವಿರುದ್ಧ ಒಬ್ಬನೇ 22 ಅಂಕ ತಂದು ಬೆಂಗಳೂರಿಗೆ ಮೊದಲ ಕಪ್ ಕೊಟ್ಟ. ಈ ಇಬ್ಬರನ್ನೂ ದಿನಾ ಹತ್ತಿರದಿಂದ ನೋಡುತ್ತಿದ್ದ ಕೋಚ್‌ಗಳಿದ್ದರು. ಆದರೂ ಒಳಗಿದ್ದದ್ದು ಹೊರಬರಲು ವರ್ಷಗಳೇ ಹಿಡಿದವು. ಹೀಗಿರುವಾಗ ಟ್ರಯಲ್ಸ್‌ನಲ್ಲಿ ನಾಲ್ಕು ರೇಡ್ ನೋಡಿ ‘ಇವ ಆಗಲ್ಲ’ ಎಂದವರ ಮಾತು ಕೇಳಿ ಹುಡುಗ ಆಟ ಬಿಟ್ಟರೆ ನನಗೆ ಸಂಕಟವಾಗುತ್ತದೆ.

ಅಳತೆ ಮಾಡುವುದರಲ್ಲಿ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನವರನ್ನು ಮೀರಿಸಿದವರಿಲ್ಲ. ಅಲ್ಲಿಯ ಎನ್‌ಬಿಎ ಲೀಗಿನ ಡ್ರಾಫ್ಟ್‌ಗೆ, ಅಂದರೆ ಹೊಸ ಆಟಗಾರರ ಆಯ್ಕೆಗೆ ಮುಂಚೆ ಕಾಲೇಜು ಹುಡುಗರ ಎತ್ತರ, ಚಾಚಿದ ಕೈಗಳ ಉದ್ದ, ನೆಗೆತ ಎಲ್ಲವನ್ನೂ ಅಳೆಯುತ್ತಾರೆ. 2015ರಲ್ಲಿ ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ಸತ್ನಾಮ್ ಸಿಂಗ್ ಅಲ್ಲಿ 52ನೆಯವನಾಗಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ಇಡೀ ದೇಶ ಸಂಭ್ರಮಪಟ್ಟಿತು. ಏಳಡಿ ಎರಡು ಅಂಗುಲದ ಹುಡುಗ. ಎನ್‌ಬಿಎಯ ಒಂದು ಪಂದ್ಯವನ್ನೂ ಆಡಲು ಆಗಲಿಲ್ಲ. ಅದರ ಹಿಂದಿನ ವರ್ಷ 41ನೆಯವನಾಗಿ ಆಯ್ಕೆಯಾದ ಸೆರ್ಬಿಯಾದ ನಿಕೋಲಾ ಯೋಕಿಚ್ ಮುಂದೆ ಮೂರು ಸಲ ಆ ಲೀಗಿನ ಅತ್ಯುತ್ತಮ ಆಟಗಾರನಾದ. ಅವನು ಓಡುವುದರಲ್ಲೂ ನೆಗೆಯುವುದರಲ್ಲೂ ಮುಂದಿದ್ದವನಲ್ಲ. ಯಾರು ಎಲ್ಲಿ ನಿಂತಿದ್ದಾರೆ, ಮುಂದಿನ ಗಳಿಗೆಗೆ ಎಲ್ಲಿರುತ್ತಾರೆ ಎಂಬುದು ಅವನಿಗೆ ಎಲ್ಲರಿಗಿಂತ ಮೊದಲು ತಿಳಿಯುತ್ತಿತ್ತು. ಟೇಪಿಗೆ ಅದು ಸಿಗುವುದಿಲ್ಲ.

ಕಬಡ್ಡಿಯಲ್ಲಿ ಅದು ಸಿಗುವ ಜಾಗ ಖಾಲಿ ರೇಡ್.

ಒಂದು ರೇಡಿಗೆ 30 ಸೆಕೆಂಡು. ಬಾಕ್ ಲೈನ್ ದಾಟಿ ಮರಳಿದರೆ ಸಾಕು, ಅಂಕ ಬರದಿದ್ದರೂ ಔಟಿಲ್ಲ. ಎರಡು ರೇಡ್ ಹೀಗೆ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಅಂಕ ತಾ, ಇಲ್ಲವೇ ಹೊರಗೆ ಕೂಡು. ಹೆಚ್ಚಿನ ಹುಡುಗರು ಮೊದಲೆರಡು ರೇಡಿನಲ್ಲಿ ಹೊತ್ತು ಕಳೆಯುತ್ತಾರೆ. ತೊಡೆ ತಟ್ಟುತ್ತಾರೆ, ಆ ಕಡೆ ಈ ಕಡೆ ಓಡಾಡುತ್ತಾರೆ, ಬರುತ್ತಾರೆ. ಶಹಾಬಾದದ ಒಂದು ಟೂರ್ನಮೆಂಟಿನಲ್ಲಿ ಪರ್ಸಿ ಕಲ್ಲಿನ ಪಾಲಿಶ್ ಮಶೀನಿನಲ್ಲಿ ಕೆಲಸ ಮಾಡುತ್ತ ಓದುವ ಹುಡುಗನೊಬ್ಬನನ್ನು ನೋಡಿದೆ. ಮೊದಲ ರೇಡಿನಲ್ಲಿ ಎಡ ಕಾರ್ನರ್ ಕಡೆ ಎರಡು ಸಲ ಕಾಲಿಟ್ಟ, ಎರಡು ಸಲವೂ ಹಿಂತೆಗೆದ. ಅವನ ಕಣ್ಣು ಕಾರ್ನರ್ ಹುಡುಗನ ಮುಖದ ಮೇಲಿರಲಿಲ್ಲ, ಮೊಣಕಾಲಿನ ಮೇಲಿತ್ತು. ಮೊಣಕಾಲು ಬಾಗಿದರೆ ಹಿಡಿಯಲು ಬರುತ್ತಾನೆ, ನೆಟ್ಟಗಿದ್ದರೆ ಬರುವುದಿಲ್ಲ. ಎರಡನೇ ರೇಡಿನಲ್ಲಿ ಅದೇ ಕಡೆ ಬೋನಸ್ಸಿಗೆ ಹೋದ ಹಾಗೆ ಕಾಲೆತ್ತಿದ. ಕಾರ್ನರ್ ಅರ್ಧ ಹೆಜ್ಜೆ ಮುಂದೆ ಬಂದ. ಪಕ್ಕದಲ್ಲಿದ್ದವನು, ಕೈ ಕೈ ಹಿಡಿದು ಚೈನ್ ಆಗಬೇಕಾದವನು, ಒಂದು ಗಳಿಗೆ ತಡವಾಗಿ ಬಂದ. ಹುಡುಗ ಅದನ್ನು ನೋಡಿಕೊಂಡು ಖಾಲಿ ಬಂದ. ಜನ ಕೂಗಿದರು, ಅವನು ತಿರುಗಿಯೂ ನೋಡಲಿಲ್ಲ. ಮೂರನೇ ರೇಡಿನಲ್ಲಿ ಮತ್ತೆ ಅದೇ ಕಾಲು, ಈ ಸಲ ಇನ್ನೊಂದು ಗೇಣು ಮುಂದೆ. ಕಾರ್ನರ್ ಬಗ್ಗಿ ಪಾದಕ್ಕೆ ಕೈ ಹಾಕಿದ. ಹುಡುಗ ಕಾಲು ಜಗ್ಗಿಕೊಂಡು ಒಳಗೆ ತಿರುಗಿದ, ತಡವಾಗಿ ಬರುತ್ತಿದ್ದವನ ಎದೆ ಮುಟ್ಟಿ ಗೆರೆ ದಾಟಿದ.

ಸ್ಕೋರ್ ಬರೆಯುವವರ ಹಾಳೆಯಲ್ಲಿ ಒಂದು ಪಾಯಿಂಟ್. ಅದೇ ದಿನ ಅದೇ ಮೈದಾನದಲ್ಲಿ ಹದಿನಾಲ್ಕು ಪಾಯಿಂಟ್ ತಂದ ಇನ್ನೊಬ್ಬನಿದ್ದ. ಬಿರುಸಾಗಿ ಓಡಿಹೋಗಿ ಕೈಗೆ ಸಿಕ್ಕವರನ್ನು ಮುಟ್ಟಿ ಬರುತ್ತಿದ್ದ. ಒಳ್ಳೆಯ ಆಟಗಾರ, ಅವನ ಬಗ್ಗೆ ಹಗುರ ಮಾತಿಲ್ಲ. ಆದರೆ ಎದುರಿಗಿರುವವರೂ ಅಷ್ಟೇ ಬಿರುಸಾಗಿದ್ದರೆ ಅವನ ಹತ್ತಿರ ಬೇರೆ ಏನಿದೆ ಎಂದು ನನಗೆ ಕಾಣಲಿಲ್ಲ. ಪಾಲಿಶ್ ಮಶೀನಿನ ಹುಡುಗನ ಹತ್ತಿರ ಇದ್ದದ್ದು ಎದುರಾಳಿ ಬದಲಾದರೂ ಉಳಿಯುವಂಥದ್ದು.

ಖಾಲಿ ರೇಡಿನ ಬಳಿಕ ನಾನು ನೋಡುವ ಎರಡನೆಯದು ಮೈ. ನಮ್ಮ ಕಡೆ ಹಳ್ಳಿ ಟೂರ್ನಮೆಂಟುಗಳು ತೂಕದ ಮೇಲೆ ನಡೆಯುತ್ತವೆ. 55 ಕಿಲೋ, 60 ಕಿಲೋ ಎಂದು ಬ್ಯಾನರಿನಲ್ಲೇ ಬರೆದಿರುತ್ತಾರೆ. ತೂಕಕ್ಕೆ ಕೂಡಲೆಂದು ಹುಡುಗರು ಊಟ ಬಿಡುತ್ತಾರೆ, ನೀರು ಬಿಡುತ್ತಾರೆ, ನಮ್ಮ ಬಿಸಿಲಿನಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಾರೆ. ಹೀಗೆ ಎರಡು ಮೂರು ವರ್ಷ ಮೈ ಒಣಗಿಸಿಕೊಂಡ ಹುಡುಗನನ್ನು ನೋಡಿ ‘ಸಣ್ಣ ಮೈ, ಪ್ರೊ ಕಬಡ್ಡಿಗೆ ತಾಳಲ್ಲ’ ಎನ್ನುತ್ತಾರೆ. ಸೀನಿಯರ್ ಪುರುಷರ ಕಬಡ್ಡಿಯಲ್ಲಿ ತೂಕದ ಮಿತಿ 85 ಕಿಲೋ. ಅಲ್ಲಿಗೆ ಹೋಲಿಸಿದರೆ ಇವನು ಸಣ್ಣವನೇ ಸರಿ. ಹಾಗಾಗಿ ನಾನು ತಕ್ಕಡಿ ಬಿಟ್ಟು ಮಣಿಕಟ್ಟು, ಹರಡು, ಭುಜದ ಅಗಲ ನೋಡುತ್ತೇನೆ. ಮನೆಯಲ್ಲಿ ಅಣ್ಣಂದಿರು ಹೇಗಿದ್ದಾರೆ ನೋಡುತ್ತೇನೆ. ಹಬ್ಬದಲ್ಲಿ ಹೊಟ್ಟೆ ತುಂಬ ಉಂಡ ವಾರ ತೂಕ ಎಷ್ಟಿತ್ತು ಎಂದು ತಾಯಿಯನ್ನೇ ಕೇಳುತ್ತೇನೆ. ಎಲುಬು ಅಗಲ ಇದ್ದು ಮಾಂಸ ಇಲ್ಲದಿದ್ದರೆ ಅದು ಬಡತನ, ಅದಕ್ಕೆ ಮದ್ದಿದೆ. ಮೊಟ್ಟೆ, ಹಾಲು, ಶೇಂಗಾ, ನಮ್ಮದೇ ತೊಗರಿ ಬೇಳೆ, ಮೇಲೆ ಜಿಮ್ಮಿನ ಒಬ್ಬ ತಿಳಿದ ಮನುಷ್ಯ. ಹದಿನೆಂಟಕ್ಕೇ ಪೂರ್ತಿ ಗಂಡಸಾಗಿ ಬೆಳೆದು ತನ್ನ ವಯಸ್ಸಿನವರನ್ನು ಬರೀ ಬಲದಿಂದ ಎಳೆದು ಹಾಕುವವನ ಬಗ್ಗೆ ನನಗೆ ಹೆಚ್ಚು ಚಿಂತೆ. ಉಳಿದವರು ಬೆಳೆದ ಮೇಲೆ ಅವನೇನು ಮಾಡುತ್ತಾನೆ?

ಓಟದ ವೇಗ, ಉಸಿರು, ನೆಗೆತ ಎಲ್ಲರಿಗೂ ಕಾಣುತ್ತವೆ, ಅವುಗಳ ಬಗ್ಗೆ ಬರೆಯುವುದೇನಿಲ್ಲ.

ಮಣ್ಣು ಮತ್ತು ಮ್ಯಾಟಿನ ವ್ಯತ್ಯಾಸ ಮಾತ್ರ ಹೇಳಲೇಬೇಕು. ಇಲ್ಲಿಯ ಹುಡುಗರು ಬರಿಗಾಲಲ್ಲಿ ಮಣ್ಣಿನ ಮೇಲೆ ಕಲಿತವರು. ಮಣ್ಣಿನಲ್ಲಿ ಕಾಲು ಜಾರುತ್ತದೆ, ಜಾರುವುದನ್ನೇ ನಂಬಿ ತಿರುಗುವುದನ್ನು ಕಲಿತಿರುತ್ತಾರೆ. ಮ್ಯಾಟಿನ ಮೇಲೆ ಶೂ ಹಿಡಿದುಕೊಳ್ಳುತ್ತದೆ, ಮೈ ತಿರುಗುತ್ತದೆ, ನಡುವೆ ಮೊಣಕಾಲು ಸಿಕ್ಕಿಬೀಳುತ್ತದೆ. ಮೊದಲ ಸಲ ಮ್ಯಾಟ್ ಏರಿದ ದಿನವೇ ಟ್ರಯಲ್ಸ್ ಆದರೆ ಎಂಥ ಹುಡುಗನೂ ಮಂಕಾಗಿ ಕಾಣುತ್ತಾನೆ. ಆದ್ದರಿಂದ ಒಂದೇ ಸಲ ನೋಡಿ ಮಾತು ಕೊಡುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸಲ ನೋಡಿ ಒಂದೇ ಒಂದು ತಿದ್ದುಪಡಿ ಹೇಳಿ ಬರುತ್ತೇನೆ. ‘ತಿರುಗುವಾಗ ಹಿಮ್ಮಡಿ ಎತ್ತು’ ಎಂಬಷ್ಟು ಸಣ್ಣದು. ಒಂದು ತಿಂಗಳು ಬಿಟ್ಟು ಮತ್ತೆ ಹೋಗುತ್ತೇನೆ. ಕೆಲವರು ಮರೆತಿರುತ್ತಾರೆ. ಕೆಲವರು ನಾನು ನೋಡುವಾಗ ಮಾತ್ರ ಮಾಡುತ್ತಾರೆ. ಅಪರೂಪಕ್ಕೊಬ್ಬ ಅದನ್ನು ರೂಢಿಸಿಕೊಂಡು, ‘ಸರ್, ಹಿಮ್ಮಡಿ ಎತ್ತಿದ್ರ ಬಲಗಡೆ ಬ್ಯಾಲೆನ್ಸ್ ಹೋಗ್ತದ್ರಿ, ಏನು ಮಾಡಲಿ?’ ಎಂದು ಕೇಳುತ್ತಾನೆ. ಆ ಪ್ರಶ್ನೆ ಕೇಳಿದವನಿಗಾಗಿ ನಾನು ಎಲ್ಲಿಗೆ ಬೇಕಾದರೂ ಪತ್ರ ಬರೆದುಕೊಡುತ್ತೇನೆ.

ಮೂರನೆಯದು ಮನೆ. ಇದನ್ನು ಪ್ರತಿಭೆ ಹುಡುಕುವವರ ಪಟ್ಟಿಯಲ್ಲಿ ನಾನು ಕಂಡಿಲ್ಲ. ಆದರೆ ರಾವೂರಿನಂಥ ಊರಿನ ಹುಡುಗನ ಅಳತೆ ಅವನ ಮನೆಯ ಕಟ್ಟೆಯ ಮೇಲೆ ಕೂತು ಮಾತಾಡದೆ ಮುಗಿಯುವುದಿಲ್ಲ. ಅಪ್ಪ ಗಣಿಯಲ್ಲಿ ಕಲ್ಲು ಎತ್ತುತ್ತಾನೆ, ಇಲ್ಲವೆ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಕ್ಕೆ ಹೋಗುತ್ತಾನೆ. ಹುಡುಗ ರಜೆಯಲ್ಲಿ ದುಡಿದು ತರುವ ಕೂಲಿ ಮನೆಗೆ ಬೇಕು. ಆಟ ಪಕ್ವವಾಗಲು ಮೂರು ವರ್ಷ ಬೇಕಾದರೆ ಆ ಮೂರು ವರ್ಷ ಮನೆ ನಡೆಯಬೇಕಲ್ಲ. ಒಬ್ಬ ತಂದೆ ನನಗೆ ಕೇಳಿದರು: “ಸರ್, ಕಾಲು ಮುರದ್ರ ಯಾರು ನೋಡ್ತಾರ್ರಿ?” ಆ ಪ್ರಶ್ನೆ ನ್ಯಾಯವಾದದ್ದು. ದಬಂಗ್ ದೆಹಲಿಯ ನವೀನ್ ಕುಮಾರ್‌ನಂಥ ಆಟಗಾರನೇ ಹತ್ತನೇ ಆವೃತ್ತಿಯಲ್ಲಿ ಮೊಣಕಾಲಿನ ಗಾಯದಿಂದ ಹೊರಗುಳಿಯಬೇಕಾಯಿತು. ಅಂಥವರಿಗೆ ತಂಡವಿದೆ, ಫಿಸಿಯೋ ಇದ್ದಾರೆ. ಜಾತ್ರೆ ಟೂರ್ನಮೆಂಟಿನಲ್ಲಿ ಲಿಗಮೆಂಟ್ ಹರಿದುಕೊಂಡವನಿಗೆ ಅಮ್ಮನ ಕೈಯ ಅರಿಶಿನ ಪಟ್ಟಿಯೇ ಗತಿ.

ಅದಕ್ಕೆ ನಾನು ತಂದೆತಾಯಿಗೆ ಪ್ರೊ ಕಬಡ್ಡಿಯ ಕೋಟಿ ರೂಪಾಯಿ ಮಾತು ಹೇಳುವುದಿಲ್ಲ. ಪದವಿ ಮುಗಿಸಲಿ ಎನ್ನುತ್ತೇನೆ. ವಿಶ್ವವಿದ್ಯಾಲಯದ ತಂಡಕ್ಕೆ 25 ವರ್ಷದೊಳಗೆ ಆಡಬಹುದು, ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟಿಗೆ ಹೋಗಿ ಬಂದರೆ ಸರ್ಟಿಫಿಕೇಟು ಸಿಗುತ್ತದೆ. ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ. ವಾಡಿ ಜಂಕ್ಷನ್ ನೋಡಿಕೊಂಡು ಬೆಳೆದ ಜನಕ್ಕೆ ರೈಲ್ವೆ ನೌಕರಿ ಎಂದರೆ ವಿವರಿಸಬೇಕಿಲ್ಲ. ಆ ದಾರಿಯಲ್ಲಿ ಹೋಗುತ್ತಿರುವಾಗಲೇ ಪ್ರೊ ಕಬಡ್ಡಿಯವರ ಕಣ್ಣಿಗೆ ಬಿದ್ದರೆ ಹೋಗಲಿ. ಮನೆಯವರಿಗೆ ಧೈರ್ಯ ಬಂದ ಮೇಲೆ ಹುಡುಗನ ಆಟವೂ ಬಿಚ್ಚಿಕೊಳ್ಳುತ್ತದೆ. ಸಂಜೆ ಪ್ರಾಕ್ಟೀಸಿಗೆ ಬರುವಾಗ ಅವನ ಹೆಜ್ಜೆಯಲ್ಲೇ ನನಗದು ಗೊತ್ತಾಗುತ್ತದೆ.

ಯಾವುದೇ ತಂಡದ ಟ್ರಯಲ್ಸಿಗೆ ಹುಡುಗನನ್ನು ಕಳಿಸುವಾಗ ಈಗ ಒಂದು ಹಾಳೆ ಬರೆದು ಕೈಗೆ ಕೊಡುತ್ತೇನೆ. ಮ್ಯಾಟಿನ ಮೇಲೆ ಎಷ್ಟು ಆಡಿದ್ದಾನೆ, ಉಪವಾಸವಿಲ್ಲದ ದಿನದ ತೂಕ ಎಷ್ಟು, ಹೇಳಿದ ತಿದ್ದುಪಡಿಯನ್ನು ಎಷ್ಟು ದಿನಕ್ಕೆ ರೂಢಿಸಿಕೊಂಡ, ಮೂರನೇ ರೇಡಿನಲ್ಲಿ ಏನು ಮಾಡುತ್ತಾನೆ. ನೋಡುವವರು ಓದಿದರೆ ಅವನಿಗೆ ಇನ್ನೆರಡು ರೇಡ್ ಹೆಚ್ಚು ಕೊಟ್ಟಾರು ಎಂಬ ಆಸೆ.

ಜಾತ್ರೆ ಕಮಿಟಿಯ ಹಿರಿಯರಲ್ಲಿ ನನ್ನದೊಂದು ಬೇಡಿಕೆ ಇದೆ. ಹದಿನೆಂಟರೊಳಗಿನ ಹುಡುಗರಿಗೆ ತೂಕದ ಬದಲು ವಯಸ್ಸಿನ ಮೇಲೆ ವಿಭಾಗ ಮಾಡಿ, ಆಧಾರ್ ಕಾರ್ಡು, ಶಾಲೆಯ ದಾಖಲೆ ನೋಡಿ ಸೇರಿಸಿಕೊಳ್ಳಿ. ತಕ್ಕಡಿ ಇಡಲೇಬೇಕೆಂದರೆ ಹಿಂದಿನ ದಿನ ಸಂಜೆ ಊಟ ಹಾಕಿಸಿ, ಆಮೇಲೆ ತೂಗಿ.