ನಿದ್ರೆಯಲ್ಲಿ ನಿಲ್ಲುವ ಉಸಿರು

ಗೊರಕೆಯನ್ನು ಗಾಢನಿದ್ರೆಯ ಕುರುಹೆಂದು ಭಾವಿಸುವವರು ನಮ್ಮಲ್ಲಿ ಅನೇಕರು. ಆದರೆ ಗೊರಕೆಯು ಹಠಾತ್ತನೆ ನಿಂತು, ತುಸು ಹೊತ್ತಿನ ಬಳಿಕ ಮಲಗಿದವರು ಏದುಸಿರಿನೊಡನೆ ಬೆಚ್ಚುವರಾದರೆ ಅದನ್ನು ಅಲಕ್ಷಿಸಲಾಗದು. ಗಂಟಲಿನ ಸ್ನಾಯುಗಳು ಸಡಿಲಗೊಂಡು ಶ್ವಾಸಮಾರ್ಗವನ್ನು ಮುಚ್ಚುವುದರಿಂದ 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ. ವೈದ್ಯರು ಇದನ್ನು ಸ್ಲೀಪ್ ಅಪ್ನಿಯಾ ಎನ್ನುತ್ತಾರೆ. ಉಸಿರು ನಿಲ್ಲುವ ಅಥವಾ ಕುಗ್ಗುವ ಪ್ರಸಂಗಗಳು ಗಂಟೆಗೆ 30ನ್ನು ತಲುಪಿದರೆ ರೋಗವು ತೀವ್ರವೆಂದೇ ಗಣನೆ.

ಕಾಂದಿವಲಿಯಿಂದ ಚರ್ಚ್‌ಗೇಟಿನತ್ತ ಸಾಗುವ ಲೋಕಲ್ ಗಾಡಿಯಲ್ಲಿ ತೂಕಡಿಸುವವರನ್ನು ಕಂಡು ನಾವು ದಣಿವೆಂದುಕೊಳ್ಳುತ್ತೇವೆ. ಹೀಗಾಗಿ ಈ ನಗರದಲ್ಲಿ ರೋಗವು ಸುಲಭವಾಗಿ ಮರೆಯಾಗುತ್ತದೆ. ಮುಂಬಯಿಯ ಹಿಂದೂಜಾ ಆಸ್ಪತ್ರೆಯ ಡಾ. ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನವು, ನಗರದ ಮಧ್ಯವಯಸ್ಕ ಪುರುಷರಲ್ಲಿ ಶೇಕಡಾ 7.5 ಮಂದಿಗೆ ಹಗಲಿನ ತೂಕಡಿಕೆಯೊಂದಿಗೆ ಈ ರೋಗವಿದೆಯೆಂದು ಅಂದಾಜಿಸಿತು. 2022ರ ಫೆಬ್ರವರಿಯಲ್ಲಿ ಇದೇ ನಗರದಲ್ಲಿ ನಿಧನರಾದ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರಿಗೂ ಇತರ ಕಾಯಿಲೆಗಳ ಜೊತೆ ಈ ರೋಗವಿತ್ತು. ಸಾವಿಗೆ ಕಾರಣವೂ ಇದೇ ಎಂದು ವೈದ್ಯರು ತಿಳಿಸಿದರು.

1981ರಲ್ಲಿ ಸಿಡ್ನಿಯ ಡಾ. ಕಾಲಿನ್ ಸಲಿವನ್ ಲೋಕಕ್ಕೆ ಪರಿಚಯಿಸಿದ ಸಿ-ಪ್ಯಾಪ್ ಯಂತ್ರವು, ಮೂಗಿನ ಮುಖವಾಡದ ಮೂಲಕ ಒತ್ತಡದ ಗಾಳಿಯನ್ನು ಹರಿಸಿ ಗಂಟಲನ್ನು ತೆರೆದಿಡುತ್ತದೆ. ಆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಗೆ ಮಾತ್ರೆ ನುಂಗಿ ಬೇಸತ್ತವರು 'ಇದೊಂದು ಹೊಸ ಕಾಟವೇಕೆ' ಎಂದು ಯಂತ್ರವನ್ನು ಕಪಾಟಿಗೆ ಸೇರಿಸುವುದುಂಟು. ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಹಲವು ಮಾತ್ರೆಗಳಿಗೂ ಬಗ್ಗದ ರಕ್ತದೊತ್ತಡದ ಹಿಂದೆ ಈ ರೋಗವು ಅಡಗಿರಬಹುದು. ಆದ್ದರಿಂದ ಇದನ್ನು ಬೇರೆ ಕಾಯಿಲೆಗಳಿಂದ ಪ್ರತ್ಯೇಕಿಸಿ ನೋಡುವಂತಿಲ್ಲ.

ಯಂತ್ರದ ತೊಡಕುಗಳಿಗೆ ಪರಿಹಾರಗಳಿವೆ. ಮೂಗು ಕಟ್ಟುತ್ತಿದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಪಡೆಯಬೇಕು. ಬಾಯಿ, ಗಂಟಲು ಒಣಗಿದರೆ ಗಾಳಿಗೆ ತೇವವನ್ನು ಬೆರೆಸುವ ಉಪಕರಣ ನೆರವಾಗುತ್ತದೆ. ಗಾಳಿ ಸೋರುತ್ತಿದ್ದರೆ ಬೇರೆ ಅಳತೆಯ ಮುಖವಾಡವನ್ನು ಕೇಳಿ ಪಡೆಯಬೇಕು. ಉಸಿರುಗಟ್ಟುವ ಭಯವಿದ್ದವರು ಹಗಲಿನಲ್ಲಿ ಪತ್ರಿಕೆ ಓದುತ್ತ ಕೆಲವು ನಿಮಿಷ ಧರಿಸಿ ರೂಢಿಸಿಕೊಳ್ಳಬೇಕು. ನಮ್ಮ ಉಪನಗರದ ಧೂಳಿನಲ್ಲಿ ಯಂತ್ರದ ಶೋಧಕವನ್ನು ಆಗಾಗ ಪರೀಕ್ಷಿಸುವುದು ಅವಶ್ಯ.

ಹೃದಯ, ಸಕ್ಕರೆ, ಥೈರಾಯ್ಡ್ ಯಾವ ವೈದ್ಯರ ಬಳಿ ಹೋದರೂ ಈ ರೋಗದ ಸಂಗತಿಯನ್ನು ತಿಳಿಸಬೇಕು. ಮದ್ಯ ಮತ್ತು ಕೆಲವು ನಿದ್ರಾಮಾತ್ರೆಗಳು ಉಸಿರಾಟದ ತಡೆಯನ್ನು ಹೆಚ್ಚಿಸಬಲ್ಲವು. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ತಜ್ಞರಿಗೆ ಹೇಳಿ, ಯಂತ್ರವನ್ನೂ ಆಸ್ಪತ್ರೆಗೆ ಒಯ್ಯಬೇಕು. ಯಂತ್ರದಿಂದ ಸುಖನಿದ್ರೆ ಬಂದಿತೆಂದು ಇತರ ಔಷಧಿಗಳನ್ನು ತಾವಾಗಿಯೇ ನಿಲ್ಲಿಸಕೂಡದು.

ರೋಗಿಗೆ ತನ್ನ ಉಸಿರು ನಿಂತದ್ದು ತಿಳಿಯುವುದಿಲ್ಲ. ಬಳಿಯಲ್ಲಿ ಮಲಗಿದವರಿಗೆ ತಿಳಿಯುತ್ತದೆ. ಆದುದರಿಂದ ವೈದ್ಯರನ್ನು ಕಾಣುವಾಗ ಮನೆಯವರನ್ನೂ ಜೊತೆಗೆ ಕರೆದೊಯ್ಯುವುದು ಒಳಿತು.