ಕಾಫಿ ಟೀಮ್‌ಗೆ ಹೊಸಬರು ಬಂದಾಗ: ಮೊದಲ 30 ದಿನಕ್ಕೆ 9 ಸೂತ್ರಗಳು

ಬೆಂಗಳೂರು, ಮೈಸೂರಿನಲ್ಲಿ ಈಗ ಸಣ್ಣ ಸಣ್ಣ ಸ್ಪೆಷಾಲ್ಟಿ ಕಾಫಿ ರೋಸ್ಟರಿಗಳು ತಲೆ ಎತ್ತಿವೆ. ನಾಲ್ಕೈದು ಜನರ ಟೀಮ್, ಒಂದು ರೋಸ್ಟಿಂಗ್ ಮೆಷಿನ್, ಒಂದು ಕೌಂಟರ್. ಇಂಥ ಕಡೆ ಒಬ್ಬರು ಹೊಸದಾಗಿ ಸೇರಿದರೂ ಇಡೀ ಅಂಗಡಿಯ ಕೆಲಸದ ಲಯ ಬದಲಾಗುತ್ತದೆ. ಅವರನ್ನು ಚೆನ್ನಾಗಿ ಬರಮಾಡಿಕೊಂಡು ಬೇಗ ತಯಾರು ಮಾಡುವವರೇ ನಾಳೆಯ ಹೆಡ್ ಬರಿಸ್ತಾ, ಹೆಡ್ ರೋಸ್ಟರ್, ಮುಂದೊಂದು ದಿನ ಸ್ವಂತ ಬ್ರ್ಯಾಂಡ್‌ನ ಮಾಲೀಕರು. ಆ ಜವಾಬ್ದಾರಿ ನಿಮಗೆ ಸಿಕ್ಕಿದೆಯೇ? ಹೀಗೆ ಮಾಡಿ.

1. ಅವರು ಬರುವ ಮುಂಚೆಯೇ ಮೊದಲ ವಾರದ ಪ್ಲ್ಯಾನ್ ಬರೆದಿಡಿ

ಶನಿವಾರ, ಭಾನುವಾರ ಜಾಯಿನ್ ಮಾಡಿಸಿಕೊಳ್ಳಬೇಡಿ. ಅಂದು ಕೌಂಟರ್ ಮುಂದೆ ಜನ, ಸಿಂಕ್ ತುಂಬ ಕಪ್‌ಗಳು. ಕಲಿಸಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮಂಗಳವಾರವೋ ಬುಧವಾರವೋ ಬರಹೇಳಿ. ಏಪ್ರನ್, ಕಪ್ಪಿಂಗ್ ಚಮಚ, ನೋಟ್‌ಬುಕ್ ಸಿದ್ಧವಿರಲಿ. ಡೌಟ್ ಬಂದರೆ ಯಾರನ್ನು ಕೇಳಬೇಕು ಎಂದು ಒಬ್ಬರ ಹೆಸರು ಹೇಳಿಬಿಡಿ. "ಯಾರನ್ನಾದರೂ ಕೇಳಿ" ಎಂದರೆ ಹೊಸಬರು ಯಾರನ್ನೂ ಕೇಳುವುದಿಲ್ಲ.

2. ಮೊದಲು ನಾಲಿಗೆ, ಆಮೇಲೆ ಮೆಷಿನ್

ಹೊಸಬರ ಕಣ್ಣೆಲ್ಲ ಎಸ್‌ಪ್ರೆಸೊ ಮೆಷಿನ್ ಮೇಲೆ. ಹಾಲಿನ ಮೇಲೆ ಹೂ ಬಿಡಿಸುವ ಆಸೆ. ಅದು ಕಾಯಲಿ. ಮೊದಲ ದಿನವೇ ಕಪ್ಪಿಂಗ್ ಟೇಬಲ್‌ಗೆ ಕರೆಯಿರಿ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ ತೂಗಿಸಿ. ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಹಾಕಿಸಿ. ನಾಲ್ಕು ನಿಮಿಷ ಕಳೆದ ಮೇಲೆ, ಮೇಲೆ ಕಟ್ಟಿದ ಪದರವನ್ನು ಚಮಚದಿಂದ ಒಡೆದು ಘಮ ಹಿಡಿಯಲಿ. ನೊರೆ ತೆಗೆದು, ಸ್ವಲ್ಪ ಆರಿದ ಮೇಲೆ ಸೊರ್ರೆಂದು ಹೀರಲಿ. ಸದ್ದಾಗುತ್ತದೆ ಎಂಬ ಸಂಕೋಚ ಬಿಡಿಸಿ, ನೀವೇ ಮೊದಲು ಜೋರಾಗಿ ಹೀರಿ ತೋರಿಸಿ. ಹಾಗೆ ಹೀರಿದರೆ ಕಾಫಿ ನಾಲಿಗೆಯ ತುಂಬ ಹರಡುತ್ತದೆ, ಘಮ ಗಂಟಲಿನಿಂದ ಮೂಗಿಗೆ ಏರುತ್ತದೆ.

ಕಪ್ಪಿಂಗ್‌ನಲ್ಲಿ 100ಕ್ಕೆ 80 ಅಂಕ ಮುಟ್ಟಿದ ಕಾಫಿಯನ್ನು ಸ್ಪೆಷಾಲ್ಟಿ ಎನ್ನುವುದು ಈ ಟ್ರೇಡ್‌ನ ರೂಢಿ. ಆ 80 ಹೇಗೆ ಬಂತು ಎಂದು ನಾಲಿಗೆಯಿಂದ ಅರಿತವರು ಮಾತ್ರ ದುಬಾರಿ ಕಪ್ಪನ್ನು ಗ್ರಾಹಕರ ಮುಂದೆ ಧೈರ್ಯವಾಗಿ ಇಡಬಲ್ಲರು.

3. "ನನಗೆ ರುಚಿ ಗೊತ್ತಾಗಲ್ಲ ಸಾರ್" ಎಂಬ ಮಾತನ್ನು ನಿಲ್ಲಿಸಿ

ಅದೊಂದು ಅಭ್ಯಾಸ, ಬಿಡಿಸಬಹುದು. ದಿನಾ ಹತ್ತು ನಿಮಿಷ ಮೂರು ಕಪ್ ಇಡಿ. ಎರಡರಲ್ಲಿ ಒಂದೇ ಕಾಫಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಅವರು ಹುಡುಕಲಿ. ಅರೇಬಿಕಾ, ರೊಬಸ್ಟಾ ವ್ಯತ್ಯಾಸದಿಂದ ಶುರು ಮಾಡಿ. ಅದು ಕೈಗೆ ಬಂದ ಮೇಲೆ ಒಂದೇ ತೋಟದ ವಾಶ್ಡ್ ಮತ್ತು ನ್ಯಾಚುರಲ್ ಕೊಡಿ. ಉತ್ತರವನ್ನು ದಿನವೂ ಬರೆದಿಡಲಿ. ಸರಿ ಉತ್ತರಗಳು ಹೆಚ್ಚುವುದನ್ನು ಕಣ್ಣಾರೆ ಕಂಡರೆ ಅಳುಕು ತಾನೇ ಇಳಿಯುತ್ತದೆ.

ಫ್ಲೇವರ್ ವೀಲ್‌ನ ಬ್ಲೂಬೆರ್ರಿಯನ್ನು ಬಾಯಿಪಾಠ ಮಾಡಿಸಬೇಡಿ. ಎಂದೂ ತಿನ್ನದ ಹಣ್ಣನ್ನು ಯಾರೂ ಗುರುತಿಸಲಾರರು. ಬೆಲ್ಲ, ಹುಣಸೆ, ಕಿತ್ತಳೆ ಸಿಪ್ಪೆ, ನೇರಳೆ, ಹುರಿಗಡಲೆ: ಅವರ ಮನೆಯ ಅಡುಗೆಕೋಣೆಯಿಂದಲೇ ಹೋಲಿಕೆ ಬರಲಿ. ಗ್ರಾಹಕರಿಗೂ ಅದೇ ಬೇಗ ನಾಟುತ್ತದೆ.

4. ಮನೆಯ ಫಿಲ್ಟರ್ ಕಾಫಿಗೆ ಮರ್ಯಾದೆ ಕೊಡಿ

ಹೊಸಬರಲ್ಲಿ ಹೆಚ್ಚಿನವರು ಸ್ಟೀಲ್ ಫಿಲ್ಟರಿನ ಡಿಕಾಕ್ಷನ್ ಕುಡಿದೇ ಬೆಳೆದವರು. ಅದರ ಬಗ್ಗೆ ಹಗುರವಾಗಿ ಮಾತಾಡಿದರೆ ಅವರ ಮನೆಯನ್ನೇ ಹಗುರ ಮಾಡಿದಂತೆ. ಒಂದೇ ಬೀಜವನ್ನು ಫಿಲ್ಟರ್‌ನಲ್ಲೂ ಪೋರ್ ಓವರ್‌ನಲ್ಲೂ ಮಾಡಿ ಪಕ್ಕಪಕ್ಕ ಕುಡಿಸಿ. ಚಿಕೋರಿ ಬಗ್ಗೆಯೂ ನೇರವಾಗಿ ಹೇಳಿ: ಮಿಶ್ರಣದಲ್ಲಿ ಕನಿಷ್ಠ ಶೇಕಡಾ 51 ಕಾಫಿ ಇರಲೇಬೇಕು, ಎಷ್ಟಿದೆ ಎಂಬುದು ಪ್ಯಾಕೆಟ್ ಮೇಲೆ ಇರಬೇಕು ಎನ್ನುತ್ತದೆ ನಿಯಮ. ಗ್ರಾಹಕರು ಕೇಳುವ ಪ್ರಶ್ನೆ ಇದು; ಉತ್ತರ ನಾಲಿಗೆ ತುದಿಯಲ್ಲಿರಲಿ.

5. ತೋಟಕ್ಕೆ ಕರೆದುಕೊಂಡು ಹೋಗಿ

ಇದಕ್ಕೆ ಖರ್ಚು ಮಾಡಿ. ನಮ್ಮ ಅದೃಷ್ಟ ದೊಡ್ಡದು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70 ಬೆಳೆಯುವುದು ಕರ್ನಾಟಕದಲ್ಲೇ. ರಾತ್ರಿ ಬಸ್ ಹತ್ತಿದರೆ ಬೆಳಗ್ಗೆ ಚಿಕ್ಕಮಗಳೂರಲ್ಲೋ ಮಡಿಕೇರಿಯಲ್ಲೋ ಇಳಿಯಬಹುದು. ಜಗತ್ತಿನ ಎಷ್ಟೋ ನಗರಗಳ ಬರಿಸ್ತಾಗಳಿಗೆ ಈ ಭಾಗ್ಯವಿಲ್ಲ.

ನವೆಂಬರ್‌ನಿಂದ ಜನವರಿಯೊಳಗೆ ಹೋದರೆ ಅರೇಬಿಕಾ ಕೊಯ್ಲು ಸಿಗುತ್ತದೆ. ಅರ್ಧ ದಿನ ಆಳುಗಳ ಜೊತೆ ಹಣ್ಣು ಬಿಡಿಸಲಿ. ಒಂದೇ ಗಿಡದಲ್ಲಿ ಹಸಿರು ಕಾಯಿ, ಕೆಂಪು ಹಣ್ಣು ಒಟ್ಟಿಗೆ ಇರುತ್ತವೆ. ಕೆಂಪನ್ನಷ್ಟೇ ಆರಿಸಬೇಕೆಂದರೆ ಅದೇ ಗಿಡಕ್ಕೆ ಮತ್ತೆ ಮತ್ತೆ ಬರಬೇಕು. ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಅಲ್ಲೇ ಉತ್ತರವಿದೆ. ಸಂಜೆ ಪಲ್ಪಿಂಗ್ ನೋಡಲಿ. ಮರುದಿನ ಕಣದಲ್ಲಿ ಪಾರ್ಚ್‌ಮೆಂಟ್ ಹರವಿ ಕೈಯಾಡಿಸಲಿ. ಮಾರ್ಚ್, ಏಪ್ರಿಲ್‌ನಲ್ಲಿ ಸೇರಿದವರನ್ನು ಹೂಮಳೆ ಬಿದ್ದ ಮೇಲೆ ಕರೆದೊಯ್ಯಿರಿ. ಆ ಒಂದೆರಡು ಮಳೆಯ ಮೇಲೆ ವರ್ಷದ ಫಸಲು ನಿಂತಿದೆ ಎಂಬುದು ಪುಸ್ತಕದಲ್ಲಿ ಓದಿದರೆ ಅರ್ಥವಾಗುವುದಿಲ್ಲ.

ದಾರಿಯಲ್ಲಿ ಈ ಕತೆಯನ್ನೂ ಹೇಳಿ: ಬೆಳೆಗಾರರು ಕಾಫಿಯನ್ನು ಕಾಫಿ ಬೋರ್ಡ್‌ನ ಪೂಲ್‌ಗೆ ಕೊಡಬೇಕಿದ್ದ ಕಾಲವಿತ್ತು. ಒಬ್ಬರ ತೋಟದ ಬೀಜ ಇನ್ನೊಬ್ಬರದರ ಜೊತೆ ಸೇರಿಹೋಗುತ್ತಿತ್ತು. 1996ರ ಹೊತ್ತಿಗೆ ಮಾರಾಟದ ಪೂರ್ತಿ ಸ್ವಾತಂತ್ರ್ಯ ಸಿಕ್ಕಿತು. ತೋಟದ ಹೆಸರಲ್ಲೇ ಕಾಫಿ ಮಾರುವ ನಿಮ್ಮಂಥ ರೋಸ್ಟರಿಗಳಿಗೆ ದಾರಿ ತೆರೆದದ್ದು ಹಾಗೆ.

6. ಅಂದಾಜು ಬಿಡಿಸಿ, ಅಂಕಿ ಕೊಡಿ

18 ಗ್ರಾಂ ಪುಡಿ, 36 ಗ್ರಾಂ ಎಸ್‌ಪ್ರೆಸೊ, 25ರಿಂದ 30 ಸೆಕೆಂಡ್. ಇಲ್ಲಿಂದ ಶುರು ಮಾಡಿಸಿ. ಶಾಟ್ ಬೇಗ ಸುರಿದರೆ ಗ್ರೈಂಡ್ ಇನ್ನೂ ನುಣ್ಣಗೆ, ತಡವಾದರೆ ಸ್ವಲ್ಪ ದಪ್ಪ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ರೋಸ್ಟಿಂಗ್‌ಗೆ ಅವಸರ ಬೇಡ. ಮೊದಲ ತಿಂಗಳು ಪಕ್ಕದಲ್ಲಿ ನಿಂತು ಫಸ್ಟ್ ಕ್ರ್ಯಾಕ್‌ನ ಚಟಪಟ ಕೇಳಿ ಸಮಯ ಬರೆದರೆ ಸಾಕು.

7. ಕ್ಲೀನಿಂಗ್ ಎಲ್ಲರದು

ಸ್ಟೀಮ್ ವ್ಯಾಂಡ್ ಒರೆಸುವುದು, ಗ್ರೈಂಡರ್ ತೊಳೆಯದೆ ಬ್ರಷ್‌ನಲ್ಲಿ ಶುಚಿ ಮಾಡುವುದು, ನೆಲ ಒರೆಸುವುದು: ನೀವು ಮಾಡಿ ತೋರಿಸಿ. ಹೊಸಬರಿಗೆ ಮಾತ್ರ ಬಟ್ಟೆ ಹಿಡಿಸಿದರೆ, ನಾಳೆ ಅವರೂ ಮುಂದಿನ ಹೊಸಬರಿಗೆ ಅದನ್ನೇ ಮಾಡುತ್ತಾರೆ.

8. ಸಂಬಳ, ಶಿಫ್ಟ್, ರಜೆಯನ್ನು ಕಾಗದದಲ್ಲಿ ಕೊಡಿ

ಸಣ್ಣ ವ್ಯವಹಾರದಲ್ಲಿ ಎಲ್ಲವೂ ಬಾಯಿಮಾತು. ಆ ಪದ್ಧತಿ ಮುರಿಯಿರಿ. ಟಿಪ್ಸ್ ಹೇಗೆ ಹಂಚುತ್ತೀರಿ ಎಂಬುದನ್ನೂ ಬರೆಯಿರಿ. ದುಡ್ಡಿನ ವಿಷಯ ಸ್ಪಷ್ಟವಿದ್ದರೆ ಗಮನ ಕೆಲಸದ ಮೇಲಿರುತ್ತದೆ.

9. ತಿಂಗಳ ಕೊನೆಗೆ ಒಂದು ಲಾಟ್ ಅವರ ಜವಾಬ್ದಾರಿಗೆ ಬಿಡಿ

ಒಂದೇ ಕಾಫಿ ಸಾಕು. ಅದರ ಪೋರ್ ಓವರ್ ರೆಸಿಪಿ ಅವರು ನಿರ್ಧರಿಸಲಿ, ಟೇಸ್ಟಿಂಗ್ ಕಾರ್ಡ್ ಅವರೇ ಬರೆಯಲಿ, ಕೆಳಗೆ ಅವರ ಹೆಸರಿರಲಿ. ಕನ್ನಡದಲ್ಲಿ ಬರೆದರೆ ಇನ್ನೂ ಒಳ್ಳೆಯದು. ತಪ್ಪಿದರೆ ಗ್ರಾಹಕರ ಮುಂದೆ ತಿದ್ದಬೇಡಿ, ಕೌಂಟರ್ ಖಾಲಿಯಾದ ಮೇಲೆ ಹೇಳಿ. ಲಾಟ್ ಒಪ್ಪಿಸಿದ ದಿನವೇ ಕೂತು ಎರಡು ಪ್ರಶ್ನೆ ಕೇಳಿ: ಇಲ್ಲಿ ಯಾವ ಕೆಲಸ ಸುಮ್ಮನೆ ಸಮಯ ತಿನ್ನುತ್ತಿದೆ? ಮುಂದೆ ಏನು ಕಲಿಯಬೇಕು? ಮೊದಲನೆಯದನ್ನು ಅದೇ ವಾರ ಸರಿಪಡಿಸಿ. ಎರಡನೆಯದಕ್ಕೆ ಮುಂದಿನ ತಿಂಗಳ ಶಿಫ್ಟ್ ಪಟ್ಟಿಯಲ್ಲಿ ಈಗಲೇ ಸಮಯ ಗುರುತಿಸಿ. ಕಾಫಿ ಬೋರ್ಡ್‌ನ ಕಾಪಿ ಶಾಸ್ತ್ರ ತರಬೇತಿಗೆ ಹೋಗುತ್ತೇನೆ ಎಂದರೆ ರಜೆ ಕೊಟ್ಟು ಕಳಿಸಿ.