ಚಾಡಿಯೋ, ದೂರೋ? ಹತ್ತನೆಯ ತರಗತಿಯ ಒಂದು ಪಾಠ

ರಾಜೀವನಗರದ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸ ಮಾಡುವಾಗ ಹತ್ತನೆಯ ತರಗತಿಯ ಭ್ರಷ್ಟಾಚಾರದ ಪಾಠ ನನ್ನ ಪಾಲಿಗೆ ಬಂತು. ಲೋಕಾಯುಕ್ತದ ವಿವರಗಳಿಗೆ ಒಂದು ಅವಧಿ ಸಾಕಾಯಿತು. ಎರಡನೆಯದನ್ನು ಬೇರೊಂದು ಪ್ರಶ್ನೆಗೆ ಮೀಸಲಿಟ್ಟೆ: ಕಚೇರಿಯೊಳಗಿನ ಅಕ್ರಮವನ್ನು ಹೊರಗೆ ತಿಳಿಸುವವರೊಂದಿಗೆ ಪತ್ರಕರ್ತರು, ಸಂಘಸಂಸ್ಥೆಗಳು ಹೇಗೆ ನಡೆದುಕೊಳ್ಳಬೇಕು?

ಅಂಥವರನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿದೆ. ‘ಚಾಡಿಕೋರ’ ಎಂದನೊಬ್ಬ; ತರಗತಿ ನಕ್ಕಿತು. ಪತ್ರಿಕೆಗಳಲ್ಲಿ ‘ವಿಷಲ್ ಬ್ಲೋವರ್’ ಎಂಬ ಪದವಿದೆ, ಆದರೆ ಮನೆಮಾತಿನಲ್ಲಿ ಇಂಥವರಿಗೆ ಗೌರವದ ಹೆಸರೇ ಇಲ್ಲವಲ್ಲ ಎಂದು ನನಗೂ ಅನ್ನಿಸಿತು. ‘ಚಾಡಿಗೆ ದಾಖಲೆ ಬೇಕಿಲ್ಲ ಮಿಸ್, ದೂರಿಗೆ ಬೇಕು’ ಎಂದಳು ಹಿಂದಿನ ಬೆಂಚಿನ ಹುಡುಗಿ. ಅಲ್ಲಿಂದಲೇ ಪಾಠ ಹಿಡಿದೆ.

ಚಟುವಟಿಕೆಗೆ ಒಂದು ಕಲ್ಪಿತ ಸಂದರ್ಭ ಕೊಟ್ಟೆ. ಪಡಿತರ ಗೋದಾಮಿನಲ್ಲಿ ಅಕ್ಕಿ ಕಡಿಮೆಯಾಗುತ್ತಿದೆ. ಗುಮಾಸ್ತರೊಬ್ಬರು ದಾಸ್ತಾನು ಪುಸ್ತಕದ ಒಂದು ಪುಟದ ಫೋಟೊ ತಂದಿದ್ದಾರೆ. ಒಂದು ಗುಂಪು ಪತ್ರಿಕೆ, ಇನ್ನೊಂದು ನೆರವು ಸಂಸ್ಥೆ, ಮೂರನೆಯದು ಗುಮಾಸ್ತರ ಮನೆಯವರು. ಪತ್ರಿಕೆಯ ಗುಂಪು ಹೆಸರು ಹಾಕದೆ ಫೋಟೊ ಮುದ್ರಿಸಲು ಸಿದ್ಧವಾಯಿತು. ‘ಆ ಪುಸ್ತಕ ಎಷ್ಟು ಜನರ ಕೈಗೆ ಸಿಗುತ್ತದೆ?’ ಎಂದು ಕೇಳಿದೆ. ಮೂವರು ಎಂದು ಅವರೇ ತೀರ್ಮಾನಿಸಿದರು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹೆಸರು ಮುಚ್ಚಿಟ್ಟರೂ ಪುಟವೇ ತಂದವರನ್ನು ತೋರಿಸಿಕೊಡುತ್ತದೆ. ಹಾಗಾದರೆ ಪುಟವನ್ನು ಸುಳಿವಾಗಿ ಮಾತ್ರ ಇಟ್ಟುಕೊಂಡು, ಅಂಗಡಿಗಳಲ್ಲಿ ವಿಚಾರಿಸಿ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ಅದೇ ಅಂಕಿಗಳನ್ನು ಬೇರೆ ದಾರಿಯಿಂದ ಪಡೆಯಬಹುದು ಎಂಬಲ್ಲಿಗೆ ಮಕ್ಕಳು ಬಂದರು. ಮನೆಯವರ ಗುಂಪಿನ ಪ್ರಶ್ನೆ ಇನ್ನೂ ನೇರವಾಗಿತ್ತು: ‘ಸಂಬಳ ನಿಂತರೆ ಬಾಡಿಗೆ ಯಾರು ಕಟ್ಟುತ್ತಾರೆ?’ ನೆರವು ಸಂಸ್ಥೆಯ ಗುಂಪು ಆವರೆಗೆ ವಕೀಲರ ಬಗ್ಗೆ ಮಾತ್ರ ಯೋಚಿಸಿತ್ತು.

ನಂತರ ನಿಜವಾದ ಪ್ರಕರಣಗಳು. ರಾಷ್ಟ್ರೀಯ ಹೆದ್ದಾರಿ ಯೋಜನೆಯ ಅಕ್ರಮಗಳ ಬಗ್ಗೆ ಪ್ರಧಾನಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ ತಮ್ಮ ಹೆಸರು ಗುಟ್ಟಾಗಿರಲಿ ಎಂದು ಕೋರಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಎಸ್. ಮಂಜುನಾಥ್ ನಮ್ಮ ಮೈಸೂರಿನ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನದ ಬಂಕ್‌ಗೆ ಬೀಗಮುದ್ರೆ ಹಾಕಿಸಿದ್ದರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು; ಆಗ ವಯಸ್ಸು 27. ಅವರು ಮಾಡಿದ್ದು ಗುಟ್ಟಿನ ಕೆಲಸವಲ್ಲ, ನೌಕರಿಯ ಕೆಲಸ. ಅವರ ಹೆಸರಿನ ಟ್ರಸ್ಟ್ ಪ್ರಕರಣದ ಬೆನ್ನುಹತ್ತಿತು, ಅಪರಾಧಿಗಳಿಗೆ ಶಿಕ್ಷೆಯೂ ಆಯಿತು. ‘ಸಾಯೋಕೆ ಮುಂಚೆ ಅವರ ಜೊತೆ ಯಾರಿದ್ದರು ಮಿಸ್?’ ಎಂದ, ಮೊದಲು ‘ಚಾಡಿಕೋರ’ ಎಂದಿದ್ದ ಹುಡುಗನೇ.

ಇದಕ್ಕೆ ವಿರುದ್ಧ ದಾರಿ ಹಿಡಿದವರು ಜೆ.ಎನ್. ಜಯಶ್ರೀ. ಅಕ್ರಮಗಳನ್ನು ಪ್ರಶ್ನಿಸುತ್ತ ಪದೇಪದೇ ವರ್ಗಾವಣೆಗೊಳ್ಳುತ್ತಿದ್ದ ಪತಿ, ಕರ್ನಾಟಕದ ಐಎಎಸ್ ಅಧಿಕಾರಿ ಎಂ.ಎನ್. ವಿಜಯಕುಮಾರ್ ಅವರ ವಿಷಯವನ್ನು 2007ರಲ್ಲಿ ಅಂತರ್ಜಾಲದಲ್ಲಿ ಬಹಿರಂಗವಾಗಿ ಬರೆಯತೊಡಗಿದರು. ಜನರ ಕಣ್ಣಿಗೆ ಬಿದ್ದರೆ ಅದೇ ರಕ್ಷಣೆ ಎಂಬುದು ಅವರ ಲೆಕ್ಕ. ಒಬ್ಬರಿಗೆ ಗುಟ್ಟು ಬೇಕು, ಇನ್ನೊಬ್ಬರಿಗೆ ಬೆಳಕು. ಯಾವುದೆಂದು ನಿರ್ಧರಿಸಬೇಕಾದವರು ಅಪಾಯ ಹೊರುವವರೇ ಹೊರತು ವರದಿಗಾರರಲ್ಲ.

ಕಾನೂನನ್ನು ಹತ್ತು ನಿಮಿಷದಲ್ಲಿ ಮುಗಿಸಿದೆ. 2004ರ ಕೇಂದ್ರ ನಿರ್ಣಯದಂತೆ ಕೇಂದ್ರ ಜಾಗೃತ ಆಯೋಗಕ್ಕೆ ದೂರು ಕೊಡಬಹುದು. ಆಯೋಗ ಹೆಸರನ್ನು ಗುಟ್ಟಾಗಿಡುತ್ತದೆ, ಆದರೆ ಹೆಸರಿಲ್ಲದ ದೂರನ್ನು ತೆಗೆದುಕೊಳ್ಳುವುದಿಲ್ಲ. 2014ರ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಅದು ಜಾರಿಗೆ ಬಂದಿಲ್ಲ. ಸುದ್ದಿಮೂಲವನ್ನು ಹೇಳುವಂತೆ ಪತ್ರಕರ್ತರನ್ನು ಒತ್ತಾಯಿಸಬಾರದೆಂಬ 1978ರ ಪತ್ರಿಕಾ ಮಂಡಳಿ ಕಾಯ್ದೆಯ ರಕ್ಷಣೆ ಆ ಮಂಡಳಿಯ ಮುಂದೆ ಮಾತ್ರ, ನ್ಯಾಯಾಲಯದಲ್ಲಿ ಅಲ್ಲ. ಆದ್ದರಿಂದ ‘ನಿಮ್ಮ ಹೆಸರು ಎಂದೆಂದೂ ಹೊರಬರದು’ ಎಂದು ಮಾತು ಕೊಡುವ ಮುನ್ನ ವರದಿಗಾರರು ಇದನ್ನು ಬಿಡಿಸಿ ಹೇಳಬೇಕು.

ಈ ಪಾಠ ಮಾಡುವ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಸೂಚನೆ: ಗುಮಾಸ್ತರ ಮನೆಯವರ ಗುಂಪಿಗೆ ಮೊದಲು ಮಾತಾಡಲು ಬಿಡಿ. ಗೃಹಕಾರ್ಯವಾಗಿ, ಫೋಟೊ ನೋಡುವುದಕ್ಕೂ ಮೊದಲು ವರದಿಗಾರರು ಆ ಗುಮಾಸ್ತರನ್ನು ಕೇಳಬೇಕಾದ ಮೂರು ಪ್ರಶ್ನೆಗಳನ್ನು ಬರೆಯಿಸಿ.